ಎಲ್ಲರ ಕೆಲಸ ಎಂದರೆ ಯಾರ ಕೆಲಸ?

(ಬೆಂಗಳೂರಿನಲ್ಲಿ ದುಡಿಯುತ್ತಿರುವ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಯುವಕ ಯುವತಿಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಭಾಷಣಕ್ಕೆ ಮೊದಲು ಒಂದು ಸಣ್ಣ ಲೆಕ್ಕ. ನಿಮ್ಮಲ್ಲಿ ಎಷ್ಟು ಜನ ಕಂಪ್ಯೂಟರ್ ಕಂಪನಿಗಳಲ್ಲಿ ಕೆಲಸ ಮಾಡುತ್ತಿದ್ದೀರಿ? ಮುಕ್ಕಾಲು ಪಾಲು ಕೈ ಎದ್ದವು. ಸಂತೋಷ. ಕನ್ನಡಕ್ಕೆ ಏನಾದರೂ ಮಾಡಬೇಕು ಅಂತ ಯಾರಿಗೆ ಅನ್ನಿಸಿದೆ? ಎಲ್ಲ ಕೈಗಳೂ ಎದ್ದವು. ಇನ್ನೊಂದೇ ಪ್ರಶ್ನೆ. ಕಳೆದ ತಿಂಗಳು ಕನ್ನಡಕ್ಕಾಗಿ ನೀವು ಕೈಹಾಕಿದ ಕೆಲಸ ಯಾವುದು, ಅದು ಎಲ್ಲಿಗೆ ಬಂದು ನಿಂತಿದೆ, ಅದನ್ನು ಯಾರು ನೋಡಿ ಸರಿ ಅಂದರು? ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕೊಡಬಲ್ಲವರು ಯಾರಿದ್ದೀರಿ?

ಈಗ ಕೈಗಳೆಲ್ಲ ಜೇಬಿನಲ್ಲಿವೆ!

ನಿಮ್ಮನ್ನು ನಾಚಿಸಲು ಇದನ್ನು ಕೇಳಲಿಲ್ಲ. ಕನ್ನಡದ ಕೆಲಸ ಕೆಡುವುದು ಎಲ್ಲಿ ಅನ್ನುವುದು ಈ ಮೂರನೆಯ ಪ್ರಶ್ನೆಯಲ್ಲೇ ಇದೆ. ನಮ್ಮಲ್ಲಿ ಅಭಿಮಾನಕ್ಕೆ ಕೊರತೆ ಇಲ್ಲ. ನವೆಂಬರ್ ಒಂದನೇ ತಾರೀಖು ಬಂತೆಂದರೆ ಬಾವುಟ ಸಾಲದು, ಧ್ವನಿವರ್ಧಕ ಸಾಲದು. ಅದೇ ದಿನ ನಾಲ್ಕು ಹುಡುಗರು ಸೇರಿ, ಬನ್ನಿ, ಕಂಪ್ಯೂಟರನ್ನು ಪೂರ್ತಿ ಕನ್ನಡ ಮಾಡಿಬಿಡೋಣ ಎಂದು ಹೊರಡುತ್ತಾರೆ. ದೀಪಾವಳಿಗೆ ಉತ್ಸಾಹ ಇರುತ್ತದೆ. ಸಂಕ್ರಾಂತಿಗೆ ಇಬ್ಬರು ಉಳಿಯುತ್ತಾರೆ. ಯುಗಾದಿಗೆ, ಎಲ್ಲಪ್ಪಾ ಆ ಕೆಲಸ ಅಂತ ಕೇಳಿದರೆ, ಅವನು ಮಾಡ್ತಾ ಇದ್ದ ಅಂತ ಇವನು, ಇವನು ಮಾಡ್ತಾ ಇದ್ದ ಅಂತ ಅವನು. ಯಾರೂ ಸುಳ್ಳು ಹೇಳುತ್ತಿಲ್ಲ, ಸ್ವಾಮಿ. ಕೆಲಸ ಯಾರ ಹೆಸರಿನಲ್ಲೂ ಇರಲಿಲ್ಲ, ಅಷ್ಟೆ.

ಆದರೆ ಇದೇ ಹುಡುಗರು ಸೋಮವಾರ ಬೆಳಿಗ್ಗೆ ತಮ್ಮ ಕಂಪನಿಯಲ್ಲಿ ಏನು ಮಾಡುತ್ತಾರೆ? ಹತ್ತು ನಿಮಿಷ ಎದ್ದು ನಿಂತು ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ ಅಂತ ಒಪ್ಪಿಸುತ್ತಾರೆ. ಜಿರಾ ತೆರೆದು, ತಮ್ಮ ಹೆಸರಿನ ಟಿಕೆಟ್ಟನ್ನು ಒಂದು ಅಂಕಣದಿಂದ ಇನ್ನೊಂದು ಅಂಕಣಕ್ಕೆ ಸರಿಸುತ್ತಾರೆ. ಸಂಬಳ ಕೊಡುವ ಧಣಿಗೆ ಗಂಟೆಗಂಟೆಯ ಲೆಕ್ಕ ಕೊಡುವವರು ತಾಯಿನುಡಿಗೆ ವರ್ಷದ ಲೆಕ್ಕವನ್ನೂ ಕೊಡುವುದಿಲ್ಲ! ನೀವು ಕಲಿತ ವಿದ್ಯೆಯನ್ನು ಸಂಜೆ ಆರರ ನಂತರ ಆಫೀಸಿನಲ್ಲೇ ಬಿಟ್ಟು ಬರುತ್ತಿದ್ದೀರಿ. ಅದನ್ನು ಮನೆಗೆ ತನ್ನಿ ಎಂದು ಹೇಳುವುದಕ್ಕೇ ನಾನು ಇಲ್ಲಿ ನಿಂತಿದ್ದೇನೆ.

ಮುಕ್ತ ತಂತ್ರಾಂಶ ಅಂದರೆ ಏನು ಅನ್ನುವುದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದವರಿಗೆ ಎರಡು ಮಾತು. ತಂತ್ರಾಂಶದ ಮೂಲ ಬರಹವನ್ನು ಬಚ್ಚಿಡದೆ ಎಲ್ಲರಿಗೂ ತೆರೆದಿಡುವುದು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆಯನ್ನು ಸಾರಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್ ಶುರು ಮಾಡಿದರು. ಕನ್ನಡಕ್ಕೆ ಇದು ಯಾಕೆ ಬೇಕು? ಮುಚ್ಚಿದ ತಂತ್ರಾಂಶದಲ್ಲಿ ಒತ್ತಕ್ಷರ ಒಡೆದು ಬಿದ್ದರೆ ನೀವು ಮಾಡಬಹುದಾದದ್ದು ಅರ್ಜಿ ಗುಜರಾಯಿಸುವುದು ಮಾತ್ರ. ತೆರೆದ ತಂತ್ರಾಂಶದಲ್ಲಿ ಕೈಯಾರೆ ಸರಿಮಾಡಬಹುದು. ನಮ್ಮದೇ ಜಿಲ್ಲೆಯ ಮೂಡಿಗೆರೆಯಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಳ್ಳುವ ಮುಂಚಿನ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಗುದ್ದಾಡಿದರು. ಕಾಫಿ ತೋಟ, ಹಕ್ಕಿ, ಮೀನು ಎಲ್ಲ ಬಿಟ್ಟು ಆ ಮನುಷ್ಯ ಕೀಲಿಮಣೆ, ಫಾಂಟು ಅಂತ ಯಾಕೆ ತಲೆ ಕೆಡಿಸಿಕೊಂಡರು ಅನ್ನುವುದನ್ನು ಒಮ್ಮೆ ಯೋಚಿಸಿ.

ಇಲ್ಲಿ ಸೋಜಿಗದ ಸಂಗತಿ ಬೇರೆಯೇ ಇದೆ. ಈ ಯೋಜನೆಗಳಲ್ಲಿ ಧಣಿ ಇಲ್ಲ. ಸಾವಿರಾರು ಜನ, ಒಬ್ಬರ ಮುಖ ಒಬ್ಬರು ನೋಡಿಲ್ಲ, ಬಹುಪಾಲು ಜನಕ್ಕೆ ಸಂಬಳವೂ ಇಲ್ಲ. ಆದರೂ ಕೆಲಸ ಸಾಗುತ್ತದೆ. ಹೇಗೆ? ಅವರೆಲ್ಲರ ನಡುವೆ ಒಂದು ದಫ್ತರು ಇದೆ. 1994ರಿಂದ ಡೆಬಿಯನ್ ಯೋಜನೆಯವರು ಒಂದೊಂದು ದೂರಿಗೂ ಒಂದೊಂದು ಸಂಖ್ಯೆ ಕೊಡುತ್ತಾ ಬಂದಿದ್ದಾರೆ. 1998ರಲ್ಲಿ ಮೊಜಿಲ್ಲಾದವರು ಬಗ್‌ಜಿಲ್ಲಾ ಅನ್ನುವ ದಫ್ತರನ್ನು ಹೊರತಂದರು. ಆ ಸಾಲಿನಲ್ಲಿ ಇರುವುದು ನಾಲ್ಕೇ ಮಾತು: ಏನಾಗಬೇಕು, ಯಾರು ಮಾಡುತ್ತಾರೆ, ಎಲ್ಲಿಗೆ ಬಂತು, ಯಾರು ನೋಡಿದರು. ಜೊತೆಗೆ ಒಂದು ಸಂಖ್ಯೆ. ಇದರಲ್ಲಿ ದೊಡ್ಡ ತಂತ್ರಜ್ಞಾನ ಏನೂ ಇಲ್ಲ. ಕಿರಾಣಿ ಅಂಗಡಿಯ ಉದ್ದರಿ ಪುಸ್ತಕಕ್ಕಿಂತ ಹೆಚ್ಚಿನದೇನಲ್ಲ.

ಸಂಖ್ಯೆಯಲ್ಲಿ ಏನಿದೆ ಅನ್ನುತ್ತೀರಾ? ಇದಕ್ಕೆ ಪರದೇಶದ ಉದಾಹರಣೆ ಬೇಡ, ನಿಮ್ಮ ಊರಿನದೇ ಕೊಡುತ್ತೇನೆ.

ತರೀಕೆರೆಯಿಂದ ಅಮೃತಾಪುರ ಹತ್ತಿರದಲ್ಲೇ ಇದೆ. 1196ರಲ್ಲಿ, ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ ದೇವಾಲಯ ಅಲ್ಲಿದೆ. ಅಲ್ಲಿನ 1197ರ ಶಾಸನವನ್ನು ಬರೆದವನು ಜನ್ನ. ಯಶೋಧರ ಚರಿತೆಯ ಜನ್ನನೇ! ಈ ಶಾಸನವನ್ನು ವಿದ್ವಾಂಸರು ಏನೆಂದು ಕರೆಯುತ್ತಾರೆ ಗೊತ್ತೆ? ತರೀಕೆರೆ 45. ಅಷ್ಟು ಅಂದರೆ ಮುಗಿಯಿತು. ಮೈಸೂರಿನವರಾಗಲಿ, ಧಾರವಾಡದವರಾಗಲಿ, ಲಂಡನ್ನಿನವರಾಗಲಿ, ಯಾವ ಕಲ್ಲು ಎಂದು ಮತ್ತೆ ಕೇಳಬೇಕಾಗಿಲ್ಲ. ಈ ಸಂಖ್ಯೆ ಕೊಟ್ಟವರು ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್. ಎಪಿಗ್ರಾಫಿಯ ಕರ್ನಾಟಿಕಾದ ಆರನೇ ಸಂಪುಟ, ಕಡೂರು ಜಿಲ್ಲೆಯದು, 1901ರಲ್ಲಿ ಬಂತು. ಕಡೂರಿನ ಶಾಸನಗಳಿಗೆ ಕಡೂರು 1, ಕಡೂರು 2; ತರೀಕೆರೆಯವಕ್ಕೆ ತರೀಕೆರೆ 1, ತರೀಕೆರೆ 2. ಹೀಗೆ ಒಟ್ಟು ಸಂಪುಟಗಳಲ್ಲಿ ಸುಮಾರು 9,000 ಶಾಸನ. ಊರೂರು ಅಲೆದು, ಕಲ್ಲಿನ ಮೇಲಿನ ಪಾಚಿ ಕೆರೆದು, ಅಚ್ಚೊತ್ತಿ ತಂದವರು, ಓದಿದವರು, ಅಚ್ಚಿಗೆ ಕೊಟ್ಟವರು, ಇವರೆಲ್ಲ ಒಬ್ಬರಲ್ಲ. ಸಂಖ್ಯೆ ಇಲ್ಲದಿದ್ದರೆ ಈ ಕೆಲಸ ಬೆಟ್ಟದಷ್ಟು ಕಾಗದದ ರಾಶಿಯಾಗಿ ಕೊಳೆಯುತ್ತಿತ್ತು.

ಇನ್ನೂ ಒಂದು ಸ್ವಾರಸ್ಯವಿದೆ. ಆಗಿನ ಕಡೂರು ಜಿಲ್ಲೆ ಈಗಿಲ್ಲ. 1947ರಲ್ಲಿ ಅದು ಚಿಕ್ಕಮಗಳೂರು ಜಿಲ್ಲೆಯಾಯಿತು. ಅಜ್ಜಂಪುರ ಆಗ ತರೀಕೆರೆ ತಾಲ್ಲೂಕಿಗೆ ಸೇರಿತ್ತು. ಈಚೆಗೆ ತಾನೇ ಒಂದು ತಾಲ್ಲೂಕಾಯಿತು. ಜಿಲ್ಲೆಯ ಹೆಸರು ಹೋಯಿತು, ಗಡಿ ಬದಲಾಯಿತು, ರಾಜರು ಹೋದರು, ಸಂಖ್ಯೆ ಮಾತ್ರ ಉಳಿಯಿತು. ಮೈಸೂರು ವಿಶ್ವವಿದ್ಯಾನಿಲಯ ಪರಿಷ್ಕೃತ ಸಂಪುಟಗಳನ್ನು ತಂದಾಗ ಹೊಸ ಸಂಖ್ಯೆಗಳ ಜೊತೆಗೆ ಹಳೆಯ ಸಂಖ್ಯೆಯನ್ನೂ ಕೊಟ್ಟಿತು. ವಿಕಿಪೀಡಿಯದವರು 2014ರಲ್ಲಿ ತಮ್ಮ ಹಳೆಯ ಬಗ್‌ಜಿಲ್ಲಾ ದಫ್ತರನ್ನು ಫ್ಯಾಬ್ರಿಕೇಟರ್ ಅನ್ನುವ ಹೊಸದಕ್ಕೆ ಸಾಗಿಸಿದಾಗ ಇದೇ ಜಾಣತನ ತೋರಿಸಿದರು: ಹಳೆಯ ಸಂಖ್ಯೆಗೆ 2000 ಕೂಡಿಸಿ, ಹೊಸ ಸಂಖ್ಯೆ ಸಿಗುತ್ತದೆ. ಯಾವ ಹಳೆಯ ದೂರೂ ಅನಾಥವಾಗಲಿಲ್ಲ. ನೀವು ಯಾವ ಬಳಗ ಕಟ್ಟಿದರೂ ಇದನ್ನು ಮೊದಲು ಮಾಡಿ. ಕೆಲಸಕ್ಕೆ ಸಂಖ್ಯೆ ಕೊಡಿ, ಕೊಟ್ಟ ಸಂಖ್ಯೆಯನ್ನು ಕದಲಿಸಬೇಡಿ.

ಅಮೃತಾಪುರದ ವಿಷಯ ಬಂದದ್ದಕ್ಕೆ ಇನ್ನೊಂದು ಮಾತು. ಆ ಗುಡಿಯಲ್ಲಿ ದುಡಿದವರಲ್ಲಿ ರೂವಾರಿ ಮಲ್ಲಿತಮ್ಮನೂ ಒಬ್ಬ. ಮುಂದೆ ಸೋಮನಾಥಪುರದ ತನಕ ಅವನ ಕೈ ಓಡಾಡಿತು. ಅವನು ತಾನು ಕಡೆದ ಮೂರ್ತಿಯ ಪೀಠದಲ್ಲಿ ತನ್ನ ಹೆಸರು ಕೆತ್ತುತ್ತಿದ್ದ. ಜಂಬಕ್ಕೆ ಅಂತೀರೋ, ಕೂಲಿ ಲೆಕ್ಕಕ್ಕೆ ಅಂತೀರೋ, ನಿಮಗೆ ಬಿಟ್ಟದ್ದು. ಯಾವ ಕೆಲಸ ಯಾರದು ಅನ್ನುವುದು ಎಂಟುನೂರು ವರ್ಷದ ನಂತರವೂ ಗೊತ್ತಾಗುತ್ತದೆ. ಟೋರ್ವಾಲ್ಡ್ಸ್ 2005ರಲ್ಲಿ ಬರೆದ ಗಿಟ್ ಅನ್ನುವ ತಂತ್ರಾಂಶ ಇದನ್ನೇ ಮಾಡುತ್ತದೆ: ಪ್ರತಿ ಸಾಲಿನ ಹಿಂದೆ ಯಾರು, ಯಾವತ್ತು, ಯಾಕೆ. ಕನ್ನಡ ಬಳಗಗಳಲ್ಲಿ ಆಗುವ ಅರ್ಧ ಜಗಳ ನಾನು ಮಾಡಿದ್ದಕ್ಕೆ ಅವನ ಹೆಸರು ಬಂತು ಅನ್ನುವುದು. ಹೆಸರು ತಾನಾಗಿ ದಾಖಲಾಗುವ ಕಡೆ ಆ ಜಗಳಕ್ಕೆ ಜಾಗ ಕಡಿಮೆ.

ಈಗ ಅನುವಾದಕ್ಕೆ ಬರೋಣ. ಕಂಪ್ಯೂಟರಿನ ಪರದೆಯ ಮೇಲೆ ಕಾಣುವ ಪ್ರತಿ ಮಾತೂ, ಉಳಿಸು, ರದ್ದುಮಾಡು, ಹುಡುಕು, ಎಲ್ಲವೂ ಒಂದು ಕಡತದಲ್ಲಿ ಸಾಲುಸಾಲಾಗಿ ಇರುತ್ತವೆ. ಇಂಗ್ಲಿಷಿನ ಸಾಲಿನ ಕೆಳಗೆ ಕನ್ನಡದ ಸಾಲು ಬರೆಯಬೇಕು. ಲಿನಕ್ಸಿನ ಮೇಲೆ ಓಡುವ ಗ್ನೋಮ್ ಎಂಬ ಪರದೆ-ತಂತ್ರಾಂಶವನ್ನೇ ತೆಗೆದುಕೊಳ್ಳಿ. ಅಲ್ಲಿ ನೂರರಲ್ಲಿ 80 ಸಾಲು ಅನುವಾದವಾಗಿದ್ದರೆ ಆ ಭಾಷೆಗೆ ಪೂರ್ಣ ಬೆಂಬಲ ಉಂಟು ಅನ್ನುತ್ತಾರೆ. ಸರಿ, ಒಮ್ಮೆ ಹೋರಾಡಿ 80 ಮುಟ್ಟಿದೆವು, ಹಾರ ತುರಾಯಿ ಆಯಿತು ಅನ್ನಿ. ಮುಗಿಯಿತೆ? ಇಲ್ಲ! ಗ್ನೋಮ್ ಆರು ತಿಂಗಳಿಗೊಮ್ಮೆ, ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ, ಹೊಸ ಆವೃತ್ತಿ ತರುತ್ತದೆ. ಹೊಸ ಸಾಲು ಸೇರುತ್ತವೆ. ಹಳೆಯ ಇಂಗ್ಲಿಷ್ ಸಾಲು ಬದಲಾದರೆ ಅದರ ಕೆಳಗಿನ ಕನ್ನಡದ ಮೇಲೆ, ಇದು ಅನುಮಾನ, ನೋಡಿ ಅನ್ನುವ ಗುರುತು ಬೀಳುತ್ತದೆ. ಯಾರೂ ನೋಡದಿದ್ದರೆ ಆ ಕನ್ನಡ ಪರದೆಗೆ ಬರುವುದೇ ಇಲ್ಲ, ಇಂಗ್ಲಿಷ್ ಬಂದು ಕೂರುತ್ತದೆ. ನೀವು ಏನೂ ತಪ್ಪು ಮಾಡಬೇಕಾಗಿಲ್ಲ, ಸುಮ್ಮನೆ ಇದ್ದರೆ ಸಾಕು, ಕನ್ನಡ ತಾನಾಗಿ ಕರಗುತ್ತದೆ. ಅಡಿಕೆ ತೋಟಕ್ಕೆ ಒಂದು ವರ್ಷ ಕಾಲಿಡದೆ ನೋಡಿ, ಗೊತ್ತಾಗುತ್ತದೆ.

ಇದರ ಪೆಟ್ಟು ಯಾರಿಗೆ? ಅಜ್ಜಂಪುರದ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದ ಹುಡುಗಿಯೊಬ್ಬಳು ಮೊದಲ ಸಲ ಕಂಪ್ಯೂಟರಿನ ಮುಂದೆ ಕೂತಿದ್ದಾಳೆ ಅಂದುಕೊಳ್ಳಿ. ಪರದೆಯಲ್ಲಿ ಮೂರು ಮಾತು ಕನ್ನಡ, ಎರಡು ಮಾತು ಇಂಗ್ಲಿಷ್, ಒಂದು ಕಡೆ ಮುರಿದ ಅಕ್ಷರ. ಮೇಷ್ಟರು ಬಂದು, ಇಂಗ್ಲಿಷಿಗೇ ಹಾಕಮ್ಮ, ಸರಾಗ ಆಗುತ್ತೆ ಅನ್ನುತ್ತಾರೆ. ಮೇಷ್ಟರ ತಪ್ಪಲ್ಲ. ಆದರೆ ಕಂಪ್ಯೂಟರಿಗೆ ಕನ್ನಡ ಆಗಿಬರಲ್ಲ ಅನ್ನುವ ಪಾಠವನ್ನು ಆ ಹುಡುಗಿ ಅವತ್ತೇ ಕಲಿತಳು. ಅದನ್ನು ಅಳಿಸಲು ಹತ್ತು ರಾಜ್ಯೋತ್ಸವ ಸಾಲದು.

ಗ್ನೋಮಿನವರು ಇದಕ್ಕೆ ಒಂದು ಕ್ರಮ ಇಟ್ಟುಕೊಂಡಿದ್ದಾರೆ. ಒಂದು ಕಡತವನ್ನು ಅನುವಾದಿಸುತ್ತೇನೆ ಎಂದು ಒಬ್ಬರು ಹೆಸರು ಬರೆಸುತ್ತಾರೆ. ಅನುವಾದ ಮುಗಿದರೆ ಮುಗಿಯಿತು ಅಂತ ಗುರುತು. ಇನ್ನೊಬ್ಬರು ಕರಡು ತಿದ್ದುತ್ತಾರೆ. ತಂಡದ ಹಿರಿಯರು ಒಪ್ಪುತ್ತಾರೆ. ಆಮೇಲೆ ಮೂಲಕ್ಕೆ ಸೇರುತ್ತದೆ. ಯಾವ ಕಡತ ಯಾವ ಮೆಟ್ಟಿಲ ಮೇಲಿದೆ ಅನ್ನುವುದನ್ನು ಯಾರು ಬೇಕಾದರೂ ನೋಡಬಹುದು.

ಹೆಸರು ಬರೆಸುವುದು ಯಾಕೆ ಅಷ್ಟು ಮುಖ್ಯ? ಒಂದು ಬಳಗವನ್ನು ನಾನು ಕಣ್ಣಾರೆ ಕಂಡಿದ್ದೇನೆ, ಹೆಸರು ಬೇಡ. ಒಂದೇ ಕಡತವನ್ನು ಇಬ್ಬರು, ಒಬ್ಬರಿಗೊಬ್ಬರು ತಿಳಿಯದೆ, ಹದಿನೈದು ರಾತ್ರಿ ಕೂತು ಅನುವಾದಿಸಿದರು. ಒಬ್ಬರದು ಸೇರಿತು, ಇನ್ನೊಬ್ಬರದು ಕಸವಾಯಿತು. ಕಸವಾದ ಮನುಷ್ಯ ಮತ್ತೆ ಕನ್ನಡದ ಕೆಲಸಕ್ಕೆ ಬರಲಿಲ್ಲ. ಬರುತ್ತಾನಾ? ನೀವಾಗಿದ್ದರೆ ಬರುತ್ತಿದ್ದಿರಾ?

ಬೀರೂರು ಜಂಕ್ಷನ್ ನಿಮಗೆಲ್ಲ ಗೊತ್ತು. ಅಲ್ಲಿಂದ ಒಂದು ಹಳಿ ತರೀಕೆರೆ ಮೇಲೆ ಶಿವಮೊಗ್ಗಕ್ಕೆ ಹೋಗುತ್ತದೆ, ಇನ್ನೊಂದು ಅಜ್ಜಂಪುರ, ಶಿವನಿ ಮೇಲೆ ಚಿಕ್ಕಜಾಜೂರಿಗೆ. ಹಿಂದೆ ಒಂಟಿ ಹಳಿಯ ಮಾರ್ಗಗಳಲ್ಲಿ ಒಂದು ಪದ್ಧತಿ ಇತ್ತು, ನಿಮ್ಮ ಅಪ್ಪ-ಅಜ್ಜಂದಿರನ್ನು ಕೇಳಿ. ದೊಡ್ಡ ಬಳೆಗೆ ಕಟ್ಟಿದ ಚೀಲ, ಅದರೊಳಗೊಂದು ಉಕ್ಕಿನ ಗುಂಡು. ಅದಕ್ಕೆ ಟೋಕನ್ ಅನ್ನುತ್ತಿದ್ದರು. ಸ್ಟೇಷನ್ನಿನಿಂದ ಟೋಕನ್ ಕೈಗೆ ಬಾರದೆ ಡ್ರೈವರು ಗಾಡಿ ಬಿಡುವಂತಿರಲಿಲ್ಲ. ಎರಡು ಸ್ಟೇಷನ್ನುಗಳ ಯಂತ್ರಗಳನ್ನು ತಂತಿಯಲ್ಲಿ ಬೆಸೆದಿದ್ದರು. ಒಂದು ಗುಂಡು ಹೊರಗೆ ಬಂದರೆ, ಅದು ಆ ಕಡೆಯದೋ ಈ ಕಡೆಯದೋ ಯಂತ್ರದೊಳಕ್ಕೆ ಮತ್ತೆ ಬೀಳುವ ತನಕ ಇನ್ನೊಂದು ಗುಂಡು ಹೊರಗೆ ಬರುತ್ತಿರಲಿಲ್ಲ. ಹಳಿಯ ಮೇಲೆ ಒಂದೇ ಗಾಡಿ. ನಿಮ್ಮ ಚೀಟಿಯ ಮೇಲೆ ಬರೆಯುವ ಹೆಸರು ಆ ಟೋಕನ್ನು.

ಟೋಕನ್ನನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗುವವರೂ ಇರುತ್ತಾರೆ! ಕೆಲಸ ನನಗಿರಲಿ ಎಂದು ಹೆಸರು ಬರೆಸಿ ಕಣ್ಮರೆ. ಪರೀಕ್ಷೆ ಬರುತ್ತದೆ, ತಂಗಿಯ ಮದುವೆ ಬರುತ್ತದೆ, ಕಂಪನಿ ಬದಲಾಗುತ್ತದೆ. ಸಹಜ. ಇದಕ್ಕೆ ಸಿಟ್ಟು ಬೇಡ, ಒಂದು ಕಟ್ಟಳೆ ಬೇಕು. ಎರಡು ವಾರ ಸುದ್ದಿ ಇಲ್ಲದಿದ್ದರೆ ಒಮ್ಮೆ ಕೇಳುವುದು, ಮೂರನೇ ವಾರ ಹೆಸರು ತೆಗೆದು ಕೆಲಸವನ್ನು ಮತ್ತೆ ಬಯಲಿಗಿಡುವುದು. ಬೈಗುಳ ಇಲ್ಲ, ವಿವರಣೆ ಕೇಳುವುದಿಲ್ಲ. ಅವನು ಮರಳಿ ಬಂದಾಗ ಬೇರೆ ಚೀಟಿ ಎತ್ತಿಕೊಳ್ಳಬಹುದು. ಹೀಗೆ ಇದ್ದರೆ ಜನ ನಾಚಿಕೆಯಿಂದ ಓಡಿಹೋಗುವುದಿಲ್ಲ. ಸಂಬಳವಿಲ್ಲದ ಕೆಲಸದಲ್ಲಿ ಗದರಿಸುವ ಹಕ್ಕು ಯಾರಿಗೂ ಇಲ್ಲ ಅನ್ನುವುದು ನಮ್ಮ ಎಷ್ಟೋ ಮುಂದಾಳುಗಳಿಗೆ ಇನ್ನೂ ತಿಳಿದಿಲ್ಲ.

ಇನ್ನು ನೋಡುವವರ ಮಾತು. ಕನ್ನಡ ವಿಕಿಸೋರ್ಸ್‌ನಲ್ಲಿ ಹಳೆಯ ಪುಸ್ತಕಗಳನ್ನು ಪುಟಪುಟವಾಗಿ ಅಕ್ಷರಕ್ಕಿಳಿಸುತ್ತಾರೆ. ಒಂದೊಂದು ಪುಟಕ್ಕೂ ಒಂದು ಬಣ್ಣ. ಯಾರೂ ತಿದ್ದದಿದ್ದರೆ ಕೆಂಪು. ಒಬ್ಬರು ಮೂಲಕ್ಕೆ ಹೋಲಿಸಿ ತಿದ್ದಿದರೆ ಹಳದಿ. ಇನ್ನೊಬ್ಬರು ಮತ್ತೆ ನೋಡಿ ಒಪ್ಪಿದರೆ ಹಸಿರು. ಪುಟ ಹರಿದಿದ್ದರೆ, ಅಕ್ಷರ ಕಾಣದಿದ್ದರೆ ಅದಕ್ಕೆ ಬೇರೆಯೇ ನೇರಳೆ ಬಣ್ಣ. ಹಳದಿ ಮಾಡಿದವನೇ ಹಸಿರು ಮಾಡಲು ಹೋದರೆ ಯಂತ್ರ ಬಿಡುವುದಿಲ್ಲ! ಪಂಡಿತನಿಗೂ ಇಲ್ಲ, ಪದವಿಯವನಿಗೂ ಇಲ್ಲ. ಎಷ್ಟು ದೊಡ್ಡವನಾದರೂ ಎರಡನೆಯ ಕಣ್ಣು ಬೇಕೇ ಬೇಕು. ನಮ್ಮ ಸಭೆ-ಸಮಿತಿಗಳಲ್ಲಿ ಇಂಥ ಕಟ್ಟಳೆ ಒಂದಿದ್ದಿದ್ದರೆ... ಹೋಗಲಿ, ಅದು ಬೇರೆ ಭಾಷಣ.

ಎರಡನೆಯ ಕಣ್ಣು ಹೊತ್ತಿಗೆ ಸರಿಯಾಗಿ ಬೀಳದಿದ್ದರೆ ಏನಾಗುತ್ತದೆ? ಯೂನಿಕೋಡ್ ಬಗ್ಗೆ ಕೇಳಿದ್ದೀರಿ, ಲೋಕದ ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಪಟ್ಟಿ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಅದರಲ್ಲಿ ಹಳಗನ್ನಡದ ೞ ಕೂಡ ಉಂಟು. ನಾವು ಇಂದು ಏಳು, ಬಾಳೆ ಅನ್ನುವುದನ್ನು ಹಿಂದೆ ಏೞು, ಬಾೞೆ ಎಂದು ಬರೆಯುತ್ತಿದ್ದರಲ್ಲ, ಆ ಅಕ್ಷರ. ಅದಕ್ಕೆ ಆ ಪಟ್ಟಿಯಲ್ಲಿ ಕೊಟ್ಟಿರುವ ಹೆಸರು ಏನು ಗೊತ್ತೆ? ಕನ್ನಡ ಲೆಟರ್ ಫ! ಫಕಾರವಂತೆ! ಒಮ್ಮೆ ಕೊಟ್ಟ ಹೆಸರನ್ನು ಎಂದೂ ಬದಲಾಯಿಸುವುದಿಲ್ಲ ಅನ್ನುವುದು ಯೂನಿಕೋಡಿನ ನೀತಿ. ಹಾಗಾಗಿ ತಪ್ಪು ತಿಳಿದ ಮೇಲೂ ಹೆಸರು ಹಾಗೇ ಉಳಿದು, ಪಕ್ಕದಲ್ಲಿ ಸರಿಯಾದ ಇನ್ನೊಂದು ಹೆಸರನ್ನು ಸೇರಿಸಬೇಕಾಯಿತು. ಸಂಖ್ಯೆ ಕದಲಿಸಬಾರದು ಅಂತ ನಾನೇ ಈಗ ಹೇಳಿದೆ. ಅದರ ಇನ್ನೊಂದು ಮುಖ ಇದು: ಮೊಳೆ ಹೊಡೆಯುವ ಮೊದಲೇ ಬಲ್ಲವರು ನೋಡಬೇಕು.

ಅದೇ ಪಟ್ಟಿಗೆ 2021ರಲ್ಲಿ ಹಳಗನ್ನಡದ ನಕಾರ ಪೊಲ್ಲು ಸೇರಿತು. ಯಾರೂ ಟೌನ್‌ಹಾಲ್ ಮುಂದೆ ಧರಣಿ ಕೂತದ್ದರಿಂದ ಅಲ್ಲ. ಅದಕ್ಕೊಂದು ಲಿಖಿತ ಪ್ರಸ್ತಾವ ಹೋಯಿತು, ಅಕ್ಷರ ಎಲ್ಲೆಲ್ಲಿ ಬಳಕೆಯಾಗಿದೆ ಅನ್ನುವ ಸಾಕ್ಷಿ ಹೋಯಿತು, ದಾಖಲೆಗೆ ಸಂಖ್ಯೆ ಬಿತ್ತು, ಪ್ರಶ್ನೆಗಳಿಗೆ ಉತ್ತರ ಕೊಟ್ಟರು, ಅಂಗೀಕಾರವಾಯಿತು. ಧರಣಿ ಬೇಡ ಅನ್ನುತ್ತಿಲ್ಲ. ಧರಣಿ ಎಲ್ಲಿ, ಚೀಟಿ ಎಲ್ಲಿ ಅನ್ನುವುದು ತಿಳಿದಿರಲಿ ಅನ್ನುತ್ತಿದ್ದೇನೆ.

ಪದಗಳ ಜಗಳದ ಬಗ್ಗೆ ಹೇಳದೆ ಹೋದರೆ ನೀವು ನನ್ನನ್ನು ಕನ್ನಡದವನು ಅನ್ನುವುದಿಲ್ಲ. ಫೋಲ್ಡರಿಗೆ ಕಡತಕೋಶವೋ ಕೋಶವೋ? ಎಡಿಟ್‌ಗೆ ಸಂಪಾದಿಸು ಅನ್ನಬೇಕೋ ತಿದ್ದು ಅನ್ನಬೇಕೋ? ಇಂಥ ಒಂದು ಪದದ ಮೇಲೆ ತಿಂಗಳುಗಟ್ಟಲೆ ಕಾದಾಡಿ ಇಡೀ ಬಳಗವೇ ಒಡೆದದ್ದುಂಟು. ನನ್ನ ಮತ ಕೇಳಿದರೆ ತಿದ್ದು ಸಾಕು. ಆದರೆ ನನ್ನ ಮತ ದೊಡ್ಡದಲ್ಲ. ಪದಕ್ಕೂ ಒಂದು ಚೀಟಿ ತೆರೆಯಿರಿ. ವಾದ ಅಲ್ಲೇ ನಡೆಯಲಿ, ಕೊನೆಯ ದಿನ ಗೊತ್ತುಮಾಡಿ, ತೀರ್ಮಾನ ಬರೆದು ಮುಚ್ಚಿ. ಆಮೇಲೆ ಬಂದವನು ಮತ್ತೆ ಎತ್ತಿದರೆ ಆ ಸಂಖ್ಯೆ ತೋರಿಸಿ. ಫ್ಯುಯೆಲ್ ಎಂಬ ಯೋಜನೆಯಲ್ಲಿ ಪದೇ ಪದೇ ಬರುವ ಪದಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಭಾಷೆಭಾಷೆಯವರು ಒಂದೆಡೆ ಕೂತು ಮೊದಲು ಅವನ್ನು ಇತ್ಯರ್ಥ ಮಾಡಿಕೊಳ್ಳುತ್ತಾರೆ. ಅಡಿಗಲ್ಲು ಗಟ್ಟಿಯಾದ ಮೇಲೆ ಗೋಡೆ.

ಒಬ್ಬರೇ ಮಾಡಿಬಿಡಬಾರದೇ ಅನ್ನುವವರು ಇದ್ದಾರೆ. ಮಾಡಿದವರೂ ಇದ್ದಾರೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಒಂದೂವರೆ ಲಕ್ಷ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಕಟ್ಟಿದರು. 2019ರಲ್ಲಿ ಅದು ಅಲರ್ ಎಂಬ ಹೆಸರಿನಲ್ಲಿ ಮುಕ್ತವಾಗಿ ಎಲ್ಲರಿಗೂ ಸಿಕ್ಕಿತು. ಅಂಥವರಿಗೆ ಕೈಮುಗಿಯೋಣ. ಆದರೆ ಅಂಥ ತಾಳ್ಮೆಯ ಮನುಷ್ಯ ಪ್ರತಿ ಬೀದಿಯಲ್ಲಿ ಹುಟ್ಟುವುದಿಲ್ಲ. ವಾರಕ್ಕೆ ಎರಡು ಗಂಟೆ ಬಿಡುವಿರುವ ನನ್ನ ನಿಮ್ಮಂಥವರ ದುಡಿಮೆ ಒಟ್ಟುಗೂಡಬೇಕಾದರೆ ದಫ್ತರು ಬೇಕು.

ಚೀಟಿ ಬರೆಯುವುದರಲ್ಲೂ ಒಂದು ಕಲೆ ಇದೆ. ಮುಂದೆ ಹೇಳುವ ಎರಡು ಕೆಲಸಗಳಲ್ಲಿ ಅದನ್ನೇ ನೋಡಿ. ಎರಡೂ ನಿಮ್ಮ ಸೀಮೆಯವು.

ಒಂದು, ನಕ್ಷೆ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಲೋಕದ ಮುಕ್ತ ನಕ್ಷೆ. ಅದರಲ್ಲಿ ಊರಿನ ಹೆಸರನ್ನು ಕನ್ನಡದಲ್ಲಿ ಬರೆಯಲು ಬೇರೆಯೇ ಅಂಕಣ ಉಂಟು. ಅಲ್ಲಿ ನಾವು ತುಂಬದೆ ಬಿಟ್ಟರೆ ಯಂತ್ರಗಳು ಇಂಗ್ಲಿಷ್ ಕಾಗುಣಿತ ನೋಡಿ ಊಹೆ ಮಾಡುತ್ತವೆ. ಕಡೂರು ಕದೂರ್ ಆಗುತ್ತದೆ, ಬೀರೂರು ಬಿರುರ್ ಆಗುತ್ತದೆ, ಶಿವನಿ ಯಾರದೋ ಮಗಳ ಹೆಸರಿನಂತೆ ಶಿವಾನಿ ಆಗುತ್ತದೆ! ಇದಕ್ಕೆ, ಮೂರು ತಾಲ್ಲೂಕಿನ ಊರುಗಳ ಹೆಸರು ಸರಿಮಾಡಬೇಕು ಅಂತ ಒಂದು ಚೀಟಿ ಬರೆದರೆ ಯಾರೂ ಮುಟ್ಟುವುದಿಲ್ಲ, ನೋಡಿದರೇ ಸುಸ್ತು. ಒಂದು ಹೋಬಳಿಗೆ ಒಂದು ಚೀಟಿ. ಯಗಟಿ, ಪಂಚನಹಳ್ಳಿ, ಸಖರಾಯಪಟ್ಟಣ, ಸಿಂಗಟಗೆರೆ ಬೇರೆ ಬೇರೆ. ಲಕ್ಕವಳ್ಳಿ, ಲಿಂಗದಹಳ್ಳಿ ಬೇರೆ. ಹೆಸರನ್ನು ಇನ್ನೊಂದು ಕಂಪನಿಯ ನಕ್ಷೆಯಿಂದ ನಕಲು ಮಾಡುವಂತಿಲ್ಲ, ಅದು ಮುಕ್ತ ನಕ್ಷೆಯ ಕಟ್ಟಳೆ. ಊರಿಗೆ ಹೋದಾಗ ಶಾಲೆಯ ಬೋರ್ಡು ನೋಡಿ, ನಿಮ್ಮ ಅಜ್ಜಿ ಆ ಊರಿಗೆ ಏನನ್ನುತ್ತಾರೆ ಕೇಳಿ. ಅಜ್ಜಂಪುರ ಬೇರೆ ತಾಲ್ಲೂಕಾದ ಮೇಲೆ ಯಾವ ಊರು ಯಾವ ತಾಲ್ಲೂಕಿನಲ್ಲಿದೆ ಅನ್ನುವುದನ್ನು ಕನ್ನಡ ವಿಕಿಪೀಡಿಯದ ಪುಟಗಳಲ್ಲೂ ಒಂದೊಂದಾಗಿ ನೋಡಬೇಕು. ಅದೂ ಹೋಬಳಿಗೊಂದು ಚೀಟಿ.

ಎರಡು, ಕಥೆ. 'ಆನಂದ' ಎಂಬ ಹೆಸರಿನಲ್ಲಿ ಬರೆದ ಅಜ್ಜಂಪುರ ಸೀತಾರಾಂ ನಿಮ್ಮ ಊರಿನವರು. 'ನಾನು ಕೊಂದ ಹುಡುಗಿ' ಅವರದೇ. ಅವರು 1963ರಲ್ಲಿ ತೀರಿಕೊಂಡರು. ನಮ್ಮ ದೇಶದ ಕಾಯಿದೆಯ ಪ್ರಕಾರ ಲೇಖಕರು ಸತ್ತ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ. ಅಂದರೆ ಅವರು ಬದುಕಿದ್ದಾಗ ಪ್ರಕಟವಾದ ಕಥೆಗಳು 2024ರ ಜನವರಿ 1ರಿಂದ ಎಲ್ಲರ ಸೊತ್ತು. ಎಲ್ಲರ ಸೊತ್ತು ಎಂದರೆ ಯಾರೂ ಕೇಳದ ಸೊತ್ತು ಆಗಬಾರದಲ್ಲ! ಇಲ್ಲಿ ಚೀಟಿ ಹೇಗೆ? ಹಳೆಯ ಮುದ್ರಣದ ಪ್ರತಿ ಯಾವ ಗ್ರಂಥಾಲಯದಲ್ಲಿದೆ, ಅದಕ್ಕೆ ಒಂದು. ಅದರ ಪ್ರಕಟಣೆಯ ವರ್ಷ ನೋಡಿ ಖಚಿತ ಮಾಡಿಕೊಳ್ಳುವುದಕ್ಕೆ ಒಂದು. ಸ್ಕ್ಯಾನ್ ಮಾಡುವುದಕ್ಕೆ ಒಂದು. ಆಮೇಲೆ ಪುಟಕ್ಕೊಂದು, ಕೆಂಪು, ಹಳದಿ, ಹಸಿರು. ದಿನಕ್ಕೆ ಒಂದು ಪುಟ ತಿದ್ದಲು ಬಸ್ಸಿನಲ್ಲಿ ಮನೆಯಿಂದ ಆಫೀಸಿಗೆ ಹೋಗುವ ಹೊತ್ತು ಸಾಕು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಎರಡು ಪುಟವೂ ಆದೀತು.

ನಾನು ಕೆಳಗಿಳಿಯುವ ಮೊದಲು ಒಂದು ವ್ಯವಸ್ಥೆ. ಬಾಗಿಲ ಪಕ್ಕದ ಮೇಜಿನ ಮೇಲೆ ಮೂರು ದಪ್ಪ ಹಾಳೆ ಅಂಟಿಸಿದ್ದೇವೆ: ಕಡೂರು, ತರೀಕೆರೆ, ಅಜ್ಜಂಪುರ. ಪ್ರತಿ ಹಾಳೆಯಲ್ಲೂ ಗೆರೆ ಎಳೆದು ಸಂಖ್ಯೆ ಹಾಕಿಟ್ಟಿದೆ. ಹೋಬಳಿಯ ಹೆಸರೂ ಪುಸ್ತಕದ ಕೆಲಸವೂ ಬರೆದಿದೆ, ಮಾಡುವವರ ಹೆಸರಿನ ಜಾಗ ಖಾಲಿ, ನೋಡುವವರ ಹೆಸರಿನ ಜಾಗವೂ ಖಾಲಿ. ಒಬ್ಬರು ಒಂದೇ ಸಾಲಿಗೆ ಬರೆಯಿರಿ, ಮೂರಕ್ಕೆ ಬೇಡ. ನೋಡುವವರ ಜಾಗದಲ್ಲಿ ನಿಮ್ಮದೇ ಹೆಸರು ಬರೆದುಕೊಂಡರೆ ಹೊಡೆದುಹಾಕುತ್ತೇವೆ. ಇವತ್ತೇ ರಾತ್ರಿ ಆ ಹಾಳೆಗಳನ್ನು ಎಲ್ಲರೂ ನೋಡಬಹುದಾದ ದಫ್ತರಿಗೆ ಏರಿಸುವ ಕೆಲಸಕ್ಕೂ ಒಂದು ಸಾಲಿದೆ, ಅದು ಇನ್ನೂ ಯಾರ ಹೆಸರಿನಲ್ಲೂ ಇಲ್ಲ. ಪೆನ್ನು ಎರಡೇ ಇವೆ, ನೂಕಬೇಡಿ. ಮೂರು ವಾರ ಬಿಟ್ಟು ಇದೇ ಹಾಲಿನಲ್ಲಿ, ಇದೇ ಹೊತ್ತಿಗೆ, ಹಾಳೆಯನ್ನು ಸಾಲುಸಾಲಾಗಿ ಗಟ್ಟಿಯಾಗಿ ಓದುತ್ತೇವೆ.